ಐದು ವರ್ಷದ ಬೆಂಜ್, ಐದು ವರ್ಷದ ಸಾಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಾರಿನ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಬೆಂಜ್, ಬಿಎಂಡಬ್ಲ್ಯು, ಆಡಿ ಸೆಕೆಂಡ್ ಹ್ಯಾಂಡ್ ತಗೋಬಹುದಾ ಅಂತ ಕೇಳಿದವರು ತುಂಬಾ ಜನ. ಐದು ಪತ್ರ ಆರಿಸಿದ್ದೇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಅದರಲ್ಲಿ ಒಂದು ಮನೆಯ ಹಲವು ವರ್ಷದ ದುಡಿಮೆಯ ಪ್ರಶ್ನೆ ಇದೆ.

ಪ್ರಶ್ನೆ: ಸರ್, ನಮ್ಮದು ಚನ್ನಗಿರಿ ಹತ್ತಿರ ಅಡಿಕೆ ತೋಟ, ಜೊತೆಗೆ ಒಂದು ಗೊಬ್ಬರದ ಅಂಗಡಿ. ಹಳೆಯ ಇನೋವಾ ಕೊಟ್ಟು ಬೇರೆ ಕಾರು ತಗೋಬೇಕು ಅಂತಿದ್ದೇವೆ. ಬೆಂಗಳೂರಿನಲ್ಲಿ ಕಂಪನಿ ಡೀಲರ್ ಹತ್ತಿರವೇ 2021ರ ಮರ್ಸಿಡಿಸ್ ಇ 220ಡಿ ನೋಡಿ ಬಂದೆವು. 46,000 ಕಿ.ಮೀ. ಓಡಿದೆ, ಒಬ್ಬರೇ ಓನರ್, ಕೆಎ ನಂಬರ್. ಸರ್ಟಿಫೈಡ್ ಕಾರು, 1 ವರ್ಷ ವಾರಂಟಿ ಕೊಡುತ್ತೇವೆ ಅಂತಾರೆ. 39 ಲಕ್ಷ ಹೇಳಿದ್ದಾರೆ. ಕೈಯಲ್ಲಿ 14 ಲಕ್ಷ ಇದೆ, ಉಳಿದ 25 ಲಕ್ಷಕ್ಕೆ ಸಾಲ ಮಾಡಬೇಕು. ಹೆಚ್ಚೂಕಡಿಮೆ ಅದೇ ದುಡ್ಡಿಗೆ ಹೊಸ ಇನೋವಾ ಹೈಕ್ರಾಸ್ ಮೇಲಿನ ಮಾಡೆಲ್ಲೇ ಬರುತ್ತದೆ. ನಮ್ಮ ಮನೆಯವರು ಹೊಸದೇ ಇರಲಿ ಅನ್ನುತ್ತಾರೆ. ಮಗ ಬೆಂಜ್ ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ. ಅಪ್ಪ, ಅವ್ವ, ಇಬ್ಬರು ಮಕ್ಕಳು ಸೇರಿ ಮನೆಯಲ್ಲಿ ಆರು ಜನ. ಏನು ಮಾಡಲಿ?

ಉತ್ತರ: ಸರ್, ನೇರವಾಗಿ ಹೇಳಿಬಿಡುತ್ತೇನೆ. ಈ ಲೆಕ್ಕದಲ್ಲಿ ಬೆಂಜ್ ಬೇಡ. ಕಾರು ಚೆನ್ನಾಗಿಲ್ಲ ಅಂತಲ್ಲ. ತುಂಬಾ ಒಳ್ಳೆಯ ಕಾರು ಅದು, ಹಿಂದಿನ ಸೀಟಿನಲ್ಲಿ ಕೂತು ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತು. ಆದರೆ ನಿಮ್ಮ ಸಾಲ, ನಿಮ್ಮ ಊರಿನ ದಾರಿ, ನಿಮ್ಮ ಮನೆಯ ಆರು ಜನ, ಈ ಮೂರಕ್ಕೂ ಅದು ಹೊಂದುವುದಿಲ್ಲ.

ಮೊದಲು ನಿಮ್ಮ ಮಗನ ಕಡೆಯ ವಾದ ಹೇಳುತ್ತೇನೆ, ಯಾಕೆಂದರೆ ಅದರಲ್ಲೂ ಹುರುಳಿದೆ. ಹೊಸ ಇ-ಕ್ಲಾಸ್ 2024ರ ಅಕ್ಟೋಬರ್‌ನಲ್ಲಿ ಬಂದಾಗ ಎಕ್ಸ್ ಶೋರೂಮ್ ಬೆಲೆ 78.5 ಲಕ್ಷದಿಂದ ಶುರುವಾಗಿತ್ತು. ಅದರ ಮೇಲೆ ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ 18% ಜೀವಾವಧಿ ತೆರಿಗೆ, ತೆರಿಗೆಯ ಮೇಲೆ ಸೆಸ್ ಬೇರೆ. ತೆರಿಗೆಯೇ 14 ಲಕ್ಷ ದಾಟುತ್ತದೆ ನೋಡಿ. ಕೆಎ ನಂಬರಿನ ಹಳೆಯ ಕಾರು ತಗೊಂಡರೆ ಆ ತೆರಿಗೆಯನ್ನು ಮೊದಲ ಓನರ್ ಕಟ್ಟಿ ಮುಗಿಸಿರುತ್ತಾರೆ, ನೀವು ಹೆಸರು ಬದಲಾವಣೆಯ ಶುಲ್ಕ ಕಟ್ಟಿದರೆ ಸಾಕು. ಬೆಲೆ ಬಿದ್ದಿದ್ದರ ನಷ್ಟವನ್ನೂ ಅವರೇ ಹೊತ್ತಿದ್ದಾರೆ. ವಿಮೆಯವರ ಪಟ್ಟಿಯಲ್ಲೇ ನಾಲ್ಕರಿಂದ ಐದು ವರ್ಷದ ಕಾರಿನ ಬೆಲೆಯನ್ನು ಅರ್ಧಕ್ಕೆ ಇಳಿಸಿ ಹಿಡಿಯುತ್ತಾರೆ. ಹಾಗಾಗಿ 39 ಲಕ್ಷಕ್ಕೆ ಇಷ್ಟು ದೊಡ್ಡ ಕಾರು ಸಿಗುತ್ತಿರುವುದರಲ್ಲಿ ಮೋಸ ಏನಿಲ್ಲ.

ಆದರೂ ಬೆಲೆ ಚೌಕಾಸಿ ಮಾಡಲು ನಿಮಗೆ ಎರಡು ಕಾರಣ ಇದ್ದವು. ನೀವು ನೋಡಿದ್ದು ಹಿಂದಿನ ತಲೆಮಾರಿನ ಮಾಡೆಲ್, ಈಗ ರಸ್ತೆಯಲ್ಲಿ ಹೊಸ ಮುಖದ್ದು ಓಡಾಡುತ್ತಿದೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿನ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ 48-50% ಇದ್ದದ್ದು 40%ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದರೆ ಹಳೆಯದೂ ಇಳಿಯಲೇಬೇಕು ಅಲ್ವಾ? ಅದಕ್ಕಿಂತ ಹಿಂದಿನ ಬೆಲೆ ಇಟ್ಟುಕೊಂಡು 'ಹೊಸದಕ್ಕಿಂತ ಇಷ್ಟು ಕಡಿಮೆ' ಅಂತ ತೋರಿಸುವವರಿದ್ದಾರೆ, ಇವತ್ತಿನ ಬೆಲೆಯ ಜೊತೆ ಹೋಲಿಸಿ ನೋಡಬೇಕು.

ಈಗ ನನ್ನ ವಾದ. ಕಾರಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ವರ್ಕ್‌ಶಾಪಿನವರಿಗೆ ನೀವು 39 ಲಕ್ಷ ಕೊಟ್ಟವರಲ್ಲ, 70-80 ಲಕ್ಷದ ಕಾರಿನ ಓನರ್. ಈ ಮಟ್ಟದ ಕಾರಿನ ಎಲ್‌ಇಡಿ ಹೆಡ್‌ಲೈಟ್ ಒಂದಕ್ಕೇ ಲಕ್ಷ ದಾಟುತ್ತದೆ. ನಾಲ್ಕೂ ಟೈರ್ ಒಟ್ಟಿಗೆ ಹಾಕಿಸಿದರೆ ಲಕ್ಷದ ಆಸುಪಾಸು ಇಟ್ಟುಕೊಳ್ಳಿ. ಹೊಗೆ ಮಿತಿಯ ಬಿಎಸ್6 ನಿಯಮಕ್ಕೆ ಹೊಂದುವ ಡೀಸೆಲ್ ಕಾರು ಆದ್ದರಿಂದ ಆಡ್‌ಬ್ಲೂ ಅನ್ನೋ ಯೂರಿಯಾ ದ್ರಾವಣ ಆಗಾಗ ತುಂಬಿಸಬೇಕು. ಅದರ ಖರ್ಚು ದೊಡ್ಡದಲ್ಲ, ಆದರೆ ಎಚ್ಚರಿಕೆ ದೀಪ ಬಂದ ಮೇಲೂ ಹಾಗೇ ಓಡಿಸಿ ಪೂರ್ತಿ ಖಾಲಿ ಮಾಡಿದರೆ ಆಮೇಲೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಆ ಸಿಸ್ಟಮ್ ಕೆಟ್ಟರೆ ರಿಪೇರಿಗೆ ದೊಡ್ಡ ಮೊತ್ತವೇ ಬೇಕು.

ವಿಮೆ ಇದೆಯಲ್ಲ ಅನ್ನಬಹುದು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ, ಬ್ಯಾಟರಿಗೆ 50% ಕಡಿತ ಮಾಡಿಯೇ ಕ್ಲೇಮ್ ಕೊಡುತ್ತಾರೆ. ಇವತ್ತಿನ ಕಾರಿನ ಬಂಪರ್ ಪೂರ್ತಿ ಪ್ಲಾಸ್ಟಿಕ್. ಅಂದರೆ ಮುಂದಿನ ಬಂಪರ್ ಒಡೆದರೆ ಅರ್ಧ ದುಡ್ಡು ನಿಮ್ಮದೇ. ಈ ಕಡಿತ ತಪ್ಪಿಸಲು ಜೀರೋ ಡೆಪ್ ಅಂತ ಜಾಸ್ತಿ ಕಟ್ಟಿ ತಗೋಬೇಕು, ಆದರೆ ಕಾರಿಗೆ ಐದು ವರ್ಷ ದಾಟಿದ ಮೇಲೆ ಅದನ್ನು ಕೊಡಲು ಎಷ್ಟೋ ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ನಿಮ್ಮ ಕಾರು ಸರಿಯಾಗಿ ಆ ವಯಸ್ಸಿಗೆ ಬಂದು ನಿಂತಿದೆ.

ಸಾಲದ ಲೆಕ್ಕ ನೋಡಿ. ಸೆಕೆಂಡ್ ಹ್ಯಾಂಡ್ ಕಾರಿನ ಸಾಲಕ್ಕೆ ಹೊಸ ಕಾರಿನ ಸಾಲಕ್ಕಿಂತ ಬಡ್ಡಿ ಜಾಸ್ತಿ. 12% ಅಂತ ಇಟ್ಟುಕೊಂಡರೆ 25 ಲಕ್ಷಕ್ಕೆ ಐದು ವರ್ಷ ತಿಂಗಳಿಗೆ ಸುಮಾರು 55,600 ರೂಪಾಯಿ ಕಂತು. ಬಡ್ಡಿಯೇ 8 ಲಕ್ಷ 37 ಸಾವಿರ ಆಗುತ್ತದೆ. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಕೊಯ್ಲು ಮುಗಿದು ಮಾರಿದಾಗ ಬರುತ್ತದೆ, ಅದೂ ಆ ವರ್ಷ ಕ್ವಿಂಟಲ್‌ಗೆ ಏನು ರೇಟ್ ನಿಂತಿದೆ, ತೋಟಕ್ಕೆ ಕೊಳೆ ರೋಗ ಬಂತಾ ಬಿಟ್ಟಿತಾ ಅನ್ನೋದರ ಮೇಲೆ. ಬ್ಯಾಂಕಿನವರು ಮಾತ್ರ ಪ್ರತಿ ತಿಂಗಳು ಕೇಳುತ್ತಾರೆ. ಈ ಸಾಲ ತೀರುವ ಹೊತ್ತಿಗೆ ಕಾರಿಗೆ ಹತ್ತು ವರ್ಷ. ಆಗ ಅದನ್ನು ಕೊಳ್ಳುವವರು ಎಷ್ಟು ಜನ, ಎಷ್ಟಕ್ಕೆ ಕೇಳುತ್ತಾರೆ ಅಂತ ಈಗಲೇ ಅದೇ ಕಂಪನಿಯ ಹತ್ತು ವರ್ಷದ ಕಾರಿನ ಬೆಲೆ ವಿಚಾರಿಸಿ. ನಿಮ್ಮ ಮಗನನ್ನೇ ಕೂರಿಸಿಕೊಂಡು ಈ ಲೆಕ್ಕ ಬರೆಯಿರಿ. ಅವನ ಆಸೆ ತಪ್ಪಲ್ಲ, ಬೈಯಬೇಡಿ. ಅಂಕಿ ಕಣ್ಣಮುಂದೆ ಇದ್ದರೆ ಅವನಿಗೂ ಅರ್ಥ ಆಗುತ್ತದೆ.

ಸರ್ಟಿಫೈಡ್ ವಿಚಾರ. ಕಾರು ತಯಾರಿಸಿದ ಕಂಪನಿಯೇ ನಡೆಸುವ ಯೋಜನೆಗಳು ಬೇರೆ: ಮರ್ಸಿಡಿಸ್ ಬೆಂಜ್ ಸರ್ಟಿಫೈಡ್, ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್, ವೋಲ್ವೊ ಸೆಲೆಕ್ಟ್. ಆನ್‌ಲೈನ್ ಕಂಪನಿಗಳು ತಾವೇ ನೋಡಿ ಸರ್ಟಿಫೈಡ್ ಅನ್ನುವುದು ಬೇರೆ. ರಸ್ತೆ ಬದಿಯ ಯಾರ್ಡಿನವರು ಗಾಜಿನ ಮೇಲೆ ಸ್ಟಿಕ್ಕರ್ ಅಂಟಿಸುವುದು ಇನ್ನೂ ಬೇರೆ. ನೀವು ನೋಡಿದ್ದು ಮೊದಲ ಬಗೆಯದು, ಅಷ್ಟರ ಮಟ್ಟಿಗೆ ಒಳ್ಳೆಯದು. ಆ ಕಂಪನಿಯ ಸರ್ವಿಸ್ ದಾಖಲೆ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ಹಾಗಾಗಿ ಮೀಟರ್ ತಿರುಗಿಸಿದ್ದರೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಆದರೆ ನೀವು ಜಾಸ್ತಿ ದುಡ್ಡು ಕೊಡುತ್ತಿರುವುದು ಮುಖ್ಯವಾಗಿ ಆ ವಾರಂಟಿ ಕಾಗದಕ್ಕೆ. ಅದನ್ನು ಓದದೆ ಅಡ್ವಾನ್ಸ್ ಕೊಡಬಾರದು. ಬ್ರೇಕ್ ಪ್ಯಾಡ್, ವೈಪರ್, ಟೈರ್, ಬ್ಯಾಟರಿ ಇಂಥವು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಸಸ್ಪೆನ್ಷನ್ ಬರುತ್ತದಾ? ಟರ್ಬೊ, ಇಂಜೆಕ್ಟರ್ ಬರುತ್ತದಾ? ಒಂದು ಕ್ಲೇಮಿಗೆ ಇಷ್ಟೇ ಅಂತ ಮಿತಿ ಇದೆಯಾ? ಹೊರಗಿನ ಮೆಕ್ಯಾನಿಕ್ ಹತ್ತಿರ ಒಂದು ಸಲ ಆಯಿಲ್ ಬದಲಿಸಿದರೂ ರದ್ದಾಗುತ್ತದಾ? ಇದಕ್ಕೆಲ್ಲ ಬಾಯಿಮಾತಿನ ಉತ್ತರ ಬೇಡ, ಕಾಗದದಲ್ಲಿ ಎಲ್ಲಿದೆ ತೋರಿಸಿ ಅನ್ನಿ. ಮರ್ಸಿಡಿಸ್ ಹೊಸ ಕಾರಿಗೆ ಕೊಡುವುದು 3 ವರ್ಷ ವಾರಂಟಿ. 2021ರ ಕಾರಿಗೆ ಅದು 2024ಕ್ಕೇ ಮುಗಿದಿದೆ. ಹಾಗಾದರೆ ನಿಮ್ಮ ಐದು ವರ್ಷದ ಸಾಲದಲ್ಲಿ ಒಂದು ವರ್ಷ ಮಾತ್ರ ರಕ್ಷಣೆ, ಉಳಿದ ನಾಲ್ಕು ವರ್ಷ ಕಾರಿನ ಕಂತು, ಕಾರಿನ ರಿಪೇರಿ ಎರಡೂ ನಿಮ್ಮ ತಲೆ ಮೇಲೆ. ವಾರಂಟಿ ಮುಂದುವರಿಸಲು ಆಗುತ್ತದಾ, ಎಷ್ಟು ವಯಸ್ಸಿನವರೆಗೆ, ಎಷ್ಟು ದುಡ್ಡಿಗೆ ಅಂತಲೂ ಕೇಳಬೇಕಿತ್ತು.

ಕೊನೆಗೆ ತೀರಾ ಸಾದಾ ಮಾತು. ಇ-ಕ್ಲಾಸ್ ಐದು ಸೀಟಿನ ಕಾರು, ನೀವು ಆರು ಜನ. ನಮ್ಮ ದೇಶದಲ್ಲಿ ಮಾರಿದ ಆ ಮಾಡೆಲ್ ಉದ್ದನೆಯದು, ಮುಂದಿನ ಹಿಂದಿನ ಚಕ್ರದ ನಡುವೆ 3,079 ಮಿ.ಮೀ. ಅಂತರ. ಹಿಂದೆ ಕೂತವರಿಗೆ ಕಾಲು ಚಾಚಲು ಸ್ವರ್ಗ. ಆದರೆ ಊರೂರಿಗೆ ಹಾಕಿರುವ ಅಳತೆ ಇಲ್ಲದ ಹಂಪ್‌ಗಳ ಮೇಲೆ ಹೊಟ್ಟೆ ತಗಲುತ್ತದೆ. ತೋಟದ ದಾರಿಯಲ್ಲಂತೂ ಬೇಡವೇ ಬೇಡ. ಏನಾದರೂ ತೊಂದರೆ ಆದರೆ ಕಾರು ಕೊಂಡ ಬೆಂಗಳೂರಿಗೇ ತಗೊಂಡು ಹೋಗುವುದಾದರೆ ಸುಮಾರು 250 ಕಿ.ಮೀ. ದೂರ.

ಬೆಂಜ್ ಆಸೆ ಬಿಡಲಾಗದಿದ್ದರೆ ಎರಡು ಒಳ್ಳೆಯ ಬೆಳೆ ಕಾಯಿರಿ. ಸಾಲ ಇಲ್ಲದೆ, ಕಾರಿನ ಬೆಲೆಯ ಮೇಲೆ ಇನ್ನೂ 4-5 ಲಕ್ಷ ರಿಪೇರಿಗೆ ಅಂತಲೇ ಪಕ್ಕಕ್ಕೆ ಇಡುವ ಸ್ಥಿತಿ ಬಂದಾಗ, ಮೂರು ವರ್ಷದೊಳಗಿನ ಕಾರು ನೋಡಿ. ಮನೆ ಮಂದಿಗೆಲ್ಲ ಬೇರೆ ಗಾಡಿ ಇರಲಿ, ಬೆಂಜ್ ಎರಡನೆಯದಾಗಿ ಬರಲಿ. ಈಗ ಹೈಕ್ರಾಸ್ ತಗೊಳ್ಳಿ. ಅದರಲ್ಲೂ ಎಲ್ಲಕ್ಕಿಂತ ಮೇಲಿನ ಮಾಡೆಲ್ ಬೇಕಾ ಅಂತ ಯೋಚಿಸಿ, ಒಂದು ಮೆಟ್ಟಿಲು ಕೆಳಗಿನದು ತಗೊಂಡರೆ ಸಾಲ ಇನ್ನೂ ಇಳಿಯುತ್ತದೆ. ನಿಮ್ಮ ಮನೆಯವರು ಹೇಳಿದ್ದೇ ಸರಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಐಟಿ ಉದ್ಯೋಗಿ. ಜಯನಗರದಿಂದ ಕೋರಮಂಗಲಕ್ಕೆ ದಿನಾ ಹೋಗಿ ಬರಬೇಕು, ಒಂದು ಕಡೆಗೆ 7 ಕಿ.ಮೀ. ಇರಬಹುದು. ಆನ್‌ಲೈನ್ ಕಂಪನಿಯೊಂದರಲ್ಲಿ 2021ರ ಬಿಎಂಡಬ್ಲ್ಯು ಎಕ್ಸ್1 ಡೀಸೆಲ್ ನೋಡಿದೆ. 200 ಅಂಶ ಪರೀಕ್ಷೆ ಮಾಡಿದ್ದೇವೆ ಅಂತ ವರದಿ ಕೊಟ್ಟಿದ್ದಾರೆ. ಸಾಲ ಬೇಕಾಗಿಲ್ಲ, ದುಡ್ಡು ಇದೆ. ಊರಿಗೆ ಹೋಗುವುದು ವರ್ಷಕ್ಕೆ ಎರಡು ಸಲ. ತಗೊಳ್ಳಲಾ?

ಉತ್ತರ: ಮೇಡಂ, ಕಾರು ಸರಿ, ಡೀಸೆಲ್ ಬೇಡ. ಬಿಎಸ್6 ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಶೋಧಕ ಇರುತ್ತದೆ, ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತದೆ. ಆ ಮಸಿ ತಾನೇ ಸುಟ್ಟು ಹೋಗಬೇಕಾದರೆ ಒಳಗೆ 600 ಡಿಗ್ರಿ ಹತ್ತಿರ ಬಿಸಿ ಏರಬೇಕು. ಅದಕ್ಕೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಹೆದ್ದಾರಿಯಲ್ಲಿ ಓಡಬೇಕು. ನಿಮ್ಮ ದಾರಿಯಲ್ಲಿ ಎಂಜಿನ್ ಸರಿಯಾಗಿ ಬಿಸಿ ಆಗುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಮಸಿ ಕಟ್ಟುತ್ತಾ ಕಟ್ಟುತ್ತಾ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ವರ್ಕ್‌ಶಾಪ್, ಕೊನೆಗೆ ಶೋಧಕವನ್ನೇ ಬದಲಿಸುವ ಮಾತು ಬಂದರೆ ಲಕ್ಷಗಳಲ್ಲಿ ಬಿಲ್. ವಾರಕ್ಕೊಮ್ಮೆ ಮೈಸೂರು ಹೆದ್ದಾರಿಯಲ್ಲಿ ಓಡಿಸುವವರಿಗೆ ಇದೇ ಕಾರು ಚೆನ್ನಾಗಿರುತ್ತದೆ.

ಪೆಟ್ರೋಲ್ ನೋಡಿ. ನೋಡುವಾಗ ಟ್ಯಾಂಕ್ ಮುಚ್ಚಳದ ಒಳಗೆ ಎಷ್ಟು ಎಥೆನಾಲ್ ಇರುವ ಪೆಟ್ರೋಲ್ ಹಾಕಬಹುದು ಅಂತ ಬರೆದಿರುತ್ತದೆ, ಓದಿ. ಈಗ ಬಂಕ್‌ಗಳಲ್ಲಿ ಬರುತ್ತಿರುವುದು 20% ಎಥೆನಾಲ್ ಸೇರಿದ ಪೆಟ್ರೋಲ್. ನಮ್ಮಲ್ಲಿ ಕಾರುಗಳನ್ನು ಅದಕ್ಕೆ ಹೊಂದುವಂತೆ ಮಾಡುವ ಕೆಲಸ 2023ರ ಏಪ್ರಿಲ್‌ನಿಂದ ಶುರುವಾಗಿದ್ದು. ಅದಕ್ಕಿಂತ ಹಳೆಯದಾದರೆ ಕಂಪನಿಯ ವರ್ಕ್‌ಶಾಪಿನಲ್ಲಿ ಕೇಳಿಯೇ ತಗೊಳ್ಳಿ.

200 ಅಂಶದ ವರದಿ ಬಗ್ಗೆ ಜಾಸ್ತಿ ನೆಮ್ಮದಿ ಪಡಬೇಡಿ. ಮ್ಯಾಟ್ ಇದೆ, ಜಾಕ್ ಇದೆ, ಗಾಜು ಏರಿಳಿಯುತ್ತದೆ ಅನ್ನುವುದೂ ಅದರಲ್ಲಿ ಒಂದೊಂದು ಅಂಶವೇ. ಮಾರುವವರೇ ಬರೆಸಿದ ವರದಿ ಅದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಬಿಎಂಡಬ್ಲ್ಯು ವರ್ಕ್‌ಶಾಪಿನಲ್ಲಿ ಸರ್ವಿಸ್ ಚರಿತ್ರೆ ತೆಗೆಸಲು ಓನರ್‌ಗೆ ಹೇಳಿ. ಆಮೇಲೆ ನಿಮ್ಮ ದುಡ್ಡಿನಲ್ಲೇ ಅಲ್ಲಿ ಒಂದು ಸಲ ಪರೀಕ್ಷೆ ಮಾಡಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನೀವೇ ಹೋಗಿ ಸ್ಟಾರ್ಟ್ ಮಾಡಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 3221 ಅಂದರೆ 2021ರ 32ನೇ ವಾರ ತಯಾರಾದದ್ದು. 25,000 ಕಿ.ಮೀ. ಓಡಿದೆ ಅನ್ನುವ 2021ರ ಕಾರಿನ ನಾಲ್ಕೂ ಟೈರ್ 2025ರದ್ದಾದರೆ ಯಾಕೆ ಬದಲಿಸಿದರು ಅಂತ ಕೇಳಲೇಬೇಕು.

ಪ್ರಶ್ನೆ: ಮೈಸೂರಿನಲ್ಲಿ ಒಬ್ಬ ಏಜೆಂಟ್ ದೆಹಲಿ ನಂಬರಿನ 2017ರ ಆಡಿ ಕ್ಯೂ7 ಡೀಸೆಲ್ ಕೊಡಿಸುತ್ತೇನೆ ಅಂತಾರೆ. ಇಲ್ಲಿಯ ಬೆಲೆಗಿಂತ 7 ಲಕ್ಷ ಕಡಿಮೆ. 'ಹಾಗೇ ಡಿಎಲ್ ನಂಬರಿನಲ್ಲೇ ಓಡಿಸಿ, ಯಾರೂ ಕೇಳಲ್ಲ' ಅನ್ನುತ್ತಾರೆ. ನಿಜವಾ?

ಉತ್ತರ: ಕೇಳುತ್ತಾರೆ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಕಟ್ಟಿ ನಂಬರ್ ಬದಲಿಸಬೇಕು. 2025ರಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಹೊರಗಿನ ನಂಬರಿನ ದುಬಾರಿ ಕಾರುಗಳನ್ನೇ ಹುಡುಕಿ ಹಿಡಿದು ವಶಪಡಿಸಿಕೊಂಡರು. ತೆರಿಗೆ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ. ಕಾರು ಹೊಸದಿದ್ದಾಗಿನ ಬೆಲೆಯಿಂದ ಲೆಕ್ಕ ಶುರುವಾಗುತ್ತದೆ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಇಳಿಸುತ್ತಾರೆ ಅಷ್ಟೇ. ಆ ಮೊತ್ತ ಎಷ್ಟು ಅಂತ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬಂದು 7 ಲಕ್ಷದಿಂದ ಕಳೆಯಿರಿ, ಎಷ್ಟು ಉಳಿಯುತ್ತದೆ ಗೊತ್ತಾಗುತ್ತದೆ.

ಅಲ್ಲಿ ಅಗ್ಗ ಯಾಕೆ ಅಂದರೆ, ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು, 2025ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿತು. ಆ ಆದೇಶದ ಭಯಕ್ಕೇ ವಯಸ್ಸಾದ ಡೀಸೆಲ್ ಕಾರು ಅಲ್ಲಿಂದ ಹೊರಗೆ ಹೋಗತೊಡಗಿದವು. ಎಲ್ಲವೂ ಕೆಟ್ಟ ಕಾರೇನಲ್ಲ. ಆದರೆ ಕ್ಯೂ7ಗೆ ಸ್ಪ್ರಿಂಗ್ ಬದಲು ಗಾಳಿ ಚೀಲದ ಏರ್ ಸಸ್ಪೆನ್ಷನ್ ಇರುತ್ತದೆ, ಈ ವಯಸ್ಸಿಗೆ ಅದು ಗಾಳಿ ಬಿಡಲು ಶುರು ಮಾಡುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಒಂದು ಮೂಲೆ ತಗ್ಗಿರುತ್ತದೆ. ನೀರಿನಲ್ಲಿ ಮುಳುಗಿದ ಕಾರಾ ಅಂತಲೂ ನೋಡಬೇಕು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಯಮಲೂರಿನಲ್ಲೇ ವಿಲ್ಲಾಗಳ ಮುಂದೆ ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತಿದ್ದವು, 2023ರಲ್ಲಿ ದೆಹಲಿಯಲ್ಲಿ ಯಮುನೆ ಉಕ್ಕಿತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡಿ, ಸೀಟಿನ ಕೆಳಗಿನ ಕಬ್ಬಿಣದ ಹಳಿಯಲ್ಲಿ ತುಕ್ಕು ಇದೆಯಾ ನೋಡಿ, ಕಾರ್ಪೆಟ್ ಎತ್ತಿ ಮೂಸಿ ನೋಡಿ. ನನ್ನನ್ನು ಕೇಳಿದರೆ ಏಜೆಂಟ್ ಮಾತು ಬಿಟ್ಟು ಕೆಎ ನಂಬರಿನದ್ದೇ ಹುಡುಕಿ.

ಪ್ರಶ್ನೆ: ಉಡುಪಿಯವನು, ಕುವೈತ್‌ನಲ್ಲಿದ್ದೇನೆ. ಇಲ್ಲಿ ಹಳೆಯ ಲೆಕ್ಸಸ್ ತುಂಬಾ ಅಗ್ಗ. ಮುಂದಿನ ವರ್ಷ ಊರಿಗೆ ವಾಪಸ್ ಬರುವಾಗ ತರಬಹುದಾ?

ಉತ್ತರ: ಆಗುವುದಿಲ್ಲ. ಹಳೆಯ ಕಾರು ತರಬೇಕಾದರೆ ಅದು ಮೂರು ವರ್ಷದೊಳಗಿನದಾಗಿರಬೇಕು, ಸ್ಟೀರಿಂಗ್ ಬಲಗಡೆ ಇರಬೇಕು. ಕುವೈತ್ ಕಾರಿನ ಸ್ಟೀರಿಂಗ್ ಎಡಗಡೆ. ಬಲಗಡೆಯದು ಸಿಕ್ಕರೂ ಕಾರಿನ ಬೆಲೆಗಿಂತ ಸುಂಕವೇ ಜಾಸ್ತಿ ಆಗುತ್ತದೆ. ಅಲ್ಲೇ ಮಾರಿ ದುಡ್ಡು ತನ್ನಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಒಬ್ಬ ಡೀಲರ್‌ಗೆ ಬಿಎಂಡಬ್ಲ್ಯು ಕಾರಿಗೆ 1 ಲಕ್ಷ ಟೋಕನ್ ಕೊಟ್ಟೆ. ಒಟ್ಟು ಬೆಲೆ 28 ಲಕ್ಷ. ಸರ್ಟಿಫೈಡ್ ಅಂದಿದ್ದರು, ಈಗ ಪರೀಕ್ಷೆಯ ವರದಿ ಕೇಳಿದರೆ ನಾಳೆ ನಾಡಿದ್ದು ಅನ್ನುತ್ತಾರೆ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದೆ. ಟೋಕನ್ ಹೋಯಿತಾ?

ಉತ್ತರ: ಹೋಗಿಲ್ಲ, ಆದರೆ ಉಳಿದ ದುಡ್ಡು ಒಂದು ರೂಪಾಯಿಯೂ ಕೊಡಬೇಡಿ. ಬ್ಯಾಂಕಿನ ಹೆಸರು ಇದೆ ಅಂದರೆ ಹಿಂದಿನ ಓನರ್ ಸಾಲ ತೀರಿಲ್ಲ, ಇಲ್ಲವೇ ತೀರಿದ ಮೇಲೆ ಫಾರ್ಮ್ 35 ಕೊಟ್ಟು ತೆಗೆಸಿಲ್ಲ. ಅದು ತೆಗೆಯುವವರೆಗೆ ಕಾರು ನಿಮ್ಮ ಹೆಸರಿಗೆ ಆಗುವುದಿಲ್ಲ. ಬ್ಯಾಂಕಿನಿಂದ ಸಾಲ ತೀರಿದ ಪತ್ರ, ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಎಲ್ಲ ಸಹಿ ಆಗಿ ಮುಂದೆ ಇಟ್ಟ ಮೇಲೇ ದುಡ್ಡಿನ ಮಾತು.

2023ರ ಏಪ್ರಿಲ್ 1ರಿಂದ ಹಳೆಯ ಗಾಡಿ ಮಾರುವ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ತಗೋಬೇಕು ಅಂತ ಕೇಂದ್ರದ ನಿಯಮ ಬಂದಿದೆ. ಓನರ್ ಆ ಕಾರನ್ನು ಡೀಲರ್‌ಗೆ ಒಪ್ಪಿಸಿದ್ದಾರೆ ಅಂತ ಆರ್‌ಟಿಒಗೆ ಫಾರ್ಮ್ 29ಸಿಯಲ್ಲಿ ತಿಳಿಸಿರಬೇಕು. ಎರಡನ್ನೂ ತೋರಿಸಿ ಅನ್ನಿ. ಸುಮ್ನೆ ಫೋನಿನಲ್ಲಿ ಕೇಳುತ್ತಾ ಕೂರಬೇಡಿ. ಯಾವ ದಿನ ಎಷ್ಟು ಕೊಟ್ಟೆ, ಯಾವ ಖಾತೆಗೆ ಹಾಕಿದೆ, ಸರ್ಟಿಫೈಡ್ ಅಂತ ಹೇಳಿದ ಜಾಹೀರಾತು ಅಥವಾ ವಾಟ್ಸಾಪ್ ಸಂದೇಶ, ವರದಿ ಕೊಡಲು ಒಂದು ವಾರದ ಗಡುವು, ಕೊಡದಿದ್ದರೆ ಟೋಕನ್ ವಾಪಸ್ ಅಂತ ಇಮೇಲ್ ಮಾಡಿ, ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಗಡುವು ದಾಟಿದರೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷದವರೆಗಿನ ವ್ಯವಹಾರ ಅಲ್ಲಿಗೇ ಬರುತ್ತದೆ, ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರಿಲ್ಲದೆ ನೀವೇ ವಾದಿಸಬಹುದು.

ಒಂದು ವೇಳೆ ಡೀಲರ್ ಎಲ್ಲ ಕಾಗದ ತಂದುಕೊಟ್ಟು ಕಾರು ನಿಮ್ಮದೇ ಆಯಿತು ಅಂದರೆ, 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ, ಆ ವ್ಯತ್ಯಾಸದ ಪ್ರೀಮಿಯಂ ನೀವೇ ಕಟ್ಟಬೇಕು.